ಕಂಪೌಂಡರ್ ಮನೆಯ ಓಪಲ್ ಕಲ್ಲು

ಕದ್ದವನು ಫ್ರಿಜ್ ತೆರೆದು, ಕಡ್ಡಿಯನ್ನು ಐಸ್ ಜಾಗದಲ್ಲಿಟ್ಟು, ಮೇಣ ಬಿಡಲಿ ಎಂದು ಕಾಯುತ್ತ ಕೂತಿದ್ದನೇ? ಬೇರೆಯವರ ಮನೆಯಲ್ಲಿ, ಹಾಡುಹಗಲಲ್ಲಿ, ಮನೆಯಾಕೆ ಒಳಗೆ ಓಡಾಡಿಕೊಂಡಿರುವಾಗ?

ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ಮರದ ಕಡ್ಡಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಪೆನ್ಸಿಲ್ ಗಾತ್ರದ ಕಡ್ಡಿ. ತುದಿಯಲ್ಲಿ ಕಂದು ಮೇಣ, ಮೇಣದಲ್ಲಿ ಕಲ್ಲು ಕೂತಿದ್ದ ಗುಳಿ. ಗುಳಿಯ ಅಂಚು ಒಂದಿಷ್ಟೂ ಮುಕ್ಕಾಗಿರಲಿಲ್ಲ. ಅವಸರದಲ್ಲಿ ಕಿತ್ತುಕೊಂಡ ಗುರುತಲ್ಲ ಅದು. ತಾಳ್ಮೆಯಿಂದ ಬಿಡಿಸಿಕೊಂಡದ್ದು.

ಈ ಅನುಮಾನ ನಿನ್ನೆಯೇ ಬಂದಿದ್ದರೆ ಕೈ ಮೇಲೇಳುತ್ತಿರಲಿಲ್ಲ.

ದೂರು ಬಂದದ್ದು ನಿನ್ನೆ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ತಂದವರು ಆಸ್ಪತ್ರೆಯಿಂದ ನಿವೃತ್ತರಾದ ಒಬ್ಬ ಕಂಪೌಂಡರ್. ಜೊತೆಗೆ ಅವರ ಅಳಿಯ. ಮಾತಾಡಿದ್ದೆಲ್ಲ ಅಳಿಯನೇ. ಅವನ ತಾಯಿ, ಅಂದರೆ ಕಂಪೌಂಡರ್ ಅವರ ಬೀಗತಿ, ತೀರಿಕೊಂಡ ಗಂಡ ತಂದಿಟ್ಟಿದ್ದ ಓಪಲ್ ಕಲ್ಲೊಂದನ್ನು ಸಾಣೆ ಹಿಡಿಯಲು ಕೊಟ್ಟಿದ್ದರು. ಕಂಪೌಂಡರ್ ನಿವೃತ್ತಿಯ ನಂತರ ಮನೆಯಲ್ಲೇ ಆ ಕೆಲಸ ಕಲಿತಿದ್ದರು. ಸೋಮವಾರ ಮಧ್ಯಾಹ್ನದ ಮೇಲೆ ಕಲ್ಲು ಕಾಣಲಿಲ್ಲ. ಕಂಪೌಂಡರ್ ತಲೆ ತಗ್ಗಿಸಿ ಕೂತಿದ್ದರು. ಬೀಗರ ಸ್ವತ್ತು ಕಳೆದುಕೊಂಡವರು ತಲೆ ತಗ್ಗಿಸದೆ ಇನ್ನೇನು ಮಾಡಿಯಾರು ಎಂದುಕೊಂಡು ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿಕೊಂಡರು.

ಮಧ್ಯಾಹ್ನ ಮನೆಯಲ್ಲಿ ಪಂಚನಾಮೆ ನಡೆಯಿತು. ಹಿತ್ತಲ ಬಾಗಿಲ ಪಕ್ಕದ ಇಕ್ಕಟ್ಟಾದ ಜಾಗ. ಹಳೆಯ ಹೊಲಿಗೆ ಯಂತ್ರದ ಮೇಜಿಗೆ ಮೋಟಾರು ಕೂರಿಸಿ, ಬೆಲ್ಟ್ ಹಾಕಿ, ಸಾಣೆಚಕ್ರ ಕಟ್ಟಿದ್ದರು. ಮೇಲೆ ಮೊಳೆಗೆ ಒಂದು ಸಲೈನ್ ಬಾಟಲಿ ತೂಗುತ್ತಿತ್ತು. ಅದರ ನಳಿಕೆಯಿಂದ ಚಕ್ರದ ಮೇಲೆ ಹನಿ ಹನಿಯಾಗಿ ನೀರು. ಕೆಳಗಿನ ತಟ್ಟೆಯಲ್ಲಿ ಹಾಲಿನ ಬಣ್ಣದ ಕೆಸರು.

"ರೋಗಿಗೆ ಡ್ರಿಪ್ ಹಾಕಿದ ಹಾಗಿದೆಯಲ್ಲ," ಎಂದಿದ್ದರು ದಫೇದಾರರು.

"ಹಾಗೇ," ಎಂದು ಕಂಪೌಂಡರ್ ಆ ದಿನ ಮೊದಲ ಸಲ ಮುಖ ಎತ್ತಿದ್ದರು. "ಓಪಲ್ ಒಳಗೇ ನೀರಿರುತ್ತೆ. ಬಿಸಿ ತಾಗಿದ್ರೆ ಬಿರುಕು ಬಿಡುತ್ತೆ. ಕಲ್ಲನ್ನ ಮೇಣದಲ್ಲಿ ಕಡ್ಡಿಗೆ ಅಂಟಿಸ್ಕೊಂಡು, ನೀರು ಬೀಳ್ತಿರೋ ಹಾಗೇ ಉಜ್ಜಬೇಕು. ಕೊನೇಲಿ ಚರ್ಮದ ಬಿಲ್ಲೆ ಮೇಲೆ ಹೊಳಪಿನ ಪುಡಿ. ಆಮೇಲೆ ಕಡ್ಡೀನ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ರೆ ಮೇಣ ತಾನೇ ಬಿಡುತ್ತೆ."

"ಕಾಣೆಯಾದಾಗ ಕಲ್ಲು ಎಲ್ಲಿತ್ತು?"

"ಕಡ್ಡೀಲೇ ಇತ್ತು."

"ಮನೆಗೆ ಯಾರು ಬಂದಿದ್ರು?"

ಕಂಪೌಂಡರ್ ಚಕ್ರದ ಬೆಲ್ಟನ್ನು ಮುಟ್ಟಿ ನೋಡಿ, "ಬೆಲ್ಟ್ ಬಿಗಿ ಮಾಡೋಕೆ ಸೋಮವಾರ ಮೂರು ಗಂಟೆಗೆ ವೈಂಡಿಂಗ್‌ನವನು ಬಂದಿದ್ದ," ಎಂದಿದ್ದರು.

ಮುಂದಿನ ಬೀದಿಯಲ್ಲಿ ಮೋಟಾರು ವೈಂಡಿಂಗ್ ಮಾಡುವವನನ್ನು ಎಲ್ಲರೂ ತಾಮ್ರ ಎಂದೇ ಕರೆಯುತ್ತಿದ್ದರು. ವರ್ಷಗಳ ಹಿಂದೆ ತಂತಿ ಕಳವಿನ ಕೇಸಿನಲ್ಲಿ ಅವನ ಹೆಸರು ಬಂದು, ಸಾಕ್ಷಿ ಇಲ್ಲದೆ ಬಿದ್ದುಹೋಗಿತ್ತು. ಆ ಹಳೆಯ ಹೆಸರು ಸಿಕ್ಕ ಮೇಲೆ ಇನ್ಸ್‌ಪೆಕ್ಟರ್ ಬೇರೇನನ್ನೂ ಹುಡುಕಲಿಲ್ಲ.

ಸಂಜೆ ನಾಲ್ಕಕ್ಕೆ ಅವನ ಅಂಗಡಿಗೆ ಹೋದರು. ರಿಪೇರಿಗೆಂದು ಫ್ಯಾನು, ಮಿಕ್ಸಿ ಹಿಡಿದುಕೊಂಡು ನಾಲ್ಕಾರು ಜನ ನಿಂತಿದ್ದರು. ಅವನ ಹೆಂಡತಿ ಪಕ್ಕದಲ್ಲಿ ಕೂತು ತಂತಿಯ ಸುತ್ತು ಎಣಿಸುತ್ತಿದ್ದಳು.

"ಕಲ್ಲೆಲ್ಲಿ?"

"ಯಾವ ಕಲ್ಲು ಸಾರ್?"

"ಕಂಪೌಂಡರ್ ಮನೇದು."

"ಅದು ಕಡ್ಡೀಲಿತ್ತು. ನಾನು ಬೆಲ್ಟ್ ನೋಡಿ ಬಂದೆ ಸಾರ್, ಮುಟ್ಟಿಲ್ಲ."

"ಆವತ್ತು ತಂತೀನೂ ಮುಟ್ಟಿರಲಿಲ್ಲ, ಅಲ್ವಾ?"

ಅವನು ನಕ್ಕ. ಹೆದರಿದವರು ಕೆಲವೊಮ್ಮೆ ಹಾಗೆ ನಗುತ್ತಾರೆ ಎಂಬುದು ಇನ್ಸ್‌ಪೆಕ್ಟರ್‌ಗೆ ಗೊತ್ತಿತ್ತು. ಆದರೂ ಕೈ ಬೀಸಿತು. ಮಿಕ್ಸಿ ಹಿಡಿದಿದ್ದ ಹೆಂಗಸು ಅದನ್ನು ಎದೆಗವುಚಿಕೊಂಡು ಹಿಂದೆ ಸರಿದಳು. ಇನ್ನೊಬ್ಬರು ತಮ್ಮ ಫ್ಯಾನನ್ನು ಮೆಲ್ಲಗೆ ಎತ್ತಿಕೊಂಡು ಹೊರಟೇ ಹೋದರು. ತಾಮ್ರನನ್ನೂ ಅವನ ಸಾಮಾನಿನ ಚೀಲವನ್ನೂ ಜೀಪಿಗೆ ಹತ್ತಿಸಿದರು. ಅವನ ಹೆಂಡತಿ ನಡೆದುಕೊಂಡೇ ಠಾಣೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಳು. ಬುಧವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಬಂದಾಗಲೂ ಅಲ್ಲೇ ಇದ್ದಳು. ಎದ್ದು ನಿಂತಳು.

ಈಗ, ಪಂಚನಾಮೆಯಲ್ಲಿ ವಶಪಡಿಸಿಕೊಂಡು ತಂದ ಈ ಕಡ್ಡಿ.

ಕಲ್ಲಿನ ಒಡತಿಯನ್ನೇ ತಾವು ಇನ್ನೂ ಮಾತಾಡಿಸಿಲ್ಲ ಎಂಬುದು ಇನ್ಸ್‌ಪೆಕ್ಟರ್‌ಗೆ ಆಗ ಹೊಳೆಯಿತು. ಠಾಣೆಗೆ ಹೊಸದಾಗಿ ಸೇರಿದವನೂ ಮಾಡದ ತಪ್ಪು. ಫೋನ್ ಹಚ್ಚಿದರು.

"ಕಲ್ಲನ್ನ ನೀವು ಕೊನೇ ಸಲ ನೋಡಿದ್ದು ಯಾವಾಗ?"

"ಸೋಮವಾರ ಸಾಯಂಕಾಲ," ಎಂದರು ಬೀಗತಿ. "ಐದು ಗಂಟೆ ಇರಬೇಕು. ಬೀಗರು ವಿಡಿಯೋ ಕಾಲ್ ಮಾಡಿ ತೋರಿಸಿದ್ರು."

ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿಕೊಂಡರು. ತಾಮ್ರ ಬಂದು ಹೋದದ್ದು ಮೂರಕ್ಕೆ.

"ಏನು ತೋರಿಸಿದ್ರು?"

"ಚಕ್ರದ ಮೇಲೆ ಹಿಡಿದು ಉಜ್ಜುತಾ ಇದ್ರು. ನೀರು ಎರಚಾಡಿ ನಂಗೆ ಬಣ್ಣವೇ ಕಾಣ್ತಿರಲಿಲ್ಲ. ಹಾಗಂದೆ. ತಡೀರಿ ಬೀಗತಿ, ಈಗ ನೋಡಿ ಅಂತ ನೀರು ನಿಲ್ಲಿಸಿ, ಉಜ್ಜುತಾನೇ ತೋರಿಸಿದ್ರು. ಏನು ಹೊಳಪು ಅಂತೀರಿ! ನಮ್ಮ ಬೀಗರು ಭಾರೀ ಕಲಾವಿದರು ಬಿಡಿ ಅಂದೆ. ಅಷ್ಟರಲ್ಲಿ ಕಾಲ್ ಕಟ್ಟಾಯ್ತು."

"ಮತ್ತೆ ಮಾಡಿದ್ರಾ?"

"ಇಲ್ಲ. ಮಾರನೇ ದಿನ ಕಳುವಾಯ್ತು ಅಂತ ಮಗನಿಗೆ ಹೇಳಿದ್ರಂತೆ. ಪೊಲೀಸು ಯಾಕೆ ಅಂತ ಅವರೇ ಬೇಡ ಅಂದ್ರಂತೆ. ನನ್ನ ಮಗ ಬಿಡಲಿಲ್ಲ."

ಹನ್ನೊಂದರ ಹೊತ್ತಿಗೆ ಇನ್ಸ್‌ಪೆಕ್ಟರ್, ದಫೇದಾರರು ಇಬ್ಬರೂ ಕಂಪೌಂಡರ್ ಮನೆಯಲ್ಲಿದ್ದರು. ಬಾಗಿಲು ತೆರೆದದ್ದು ಹೆಂಡತಿ. ಕಂಪೌಂಡರ್ ಮಂಚದ ಮೇಲೆ ಬಾಯಿಗೆ ಟವೆಲ್ ಹಿಡಿದು ಕೂತಿದ್ದರು.

"ಹಲ್ಲುನೋವಾ?" ಎಂದರು ದಫೇದಾರರು.

"ನೋಯೋಕೆ ಇವರಿಗೆ ಹಲ್ಲೆಲ್ಲಿದೆ?" ಎಂದರು ಹೆಂಡತಿ. "ಕಟ್ಟಿಸಿದ ಹಲ್ಲನ್ನ ಎರಡು ರಾತ್ರಿಯಿಂದ ಕರವಸ್ತ್ರದಲ್ಲಿ ಸುತ್ತಿಡ್ತಾರೆ. ಒಣಗಿ ಒಸಡು ಕುಯ್ಯುತ್ತೆ ಅಂತ ಈಗ ಹಾಕ್ಕೊಳ್ಳೋದನ್ನೇ ಬಿಟ್ಟಿದ್ದಾರೆ. ಊಟನೂ ಬಿಟ್ಟಿದ್ದಾರೆ. ಹಲ್ಲು ನೀರಲ್ಲಿ ನೆನೆಸಿಡೋ ಡಬ್ಬೀನ ನಾನು ತೊಳೆದಿಡ್ತೀನಿ ಅಂದ್ರೆ, ಮುಟ್ಟಬೇಡ, ಔಷಧಿ ಹಾಕಿದೀನಿ ಅಂತಾರೆ."

"ನೀನು ಒಳಗೆ ಹೋಗೇ," ಎಂದರು ಕಂಪೌಂಡರ್. ಹಲ್ಲಿಲ್ಲದ ಬಾಯಲ್ಲಿ ಮಾತು ನೀರು ನೀರಾಗಿ ಬಂತು.

ಕಿಟಕಿಯ ಗೂಡಿನಲ್ಲಿ ಮುಚ್ಚಳವಿದ್ದ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಅದರ ಪಕ್ಕದಲ್ಲೇ ಕರವಸ್ತ್ರದ ಗಂಟು. ದಫೇದಾರರು ಗಂಟನ್ನೂ ಡಬ್ಬಿಯನ್ನೂ ಒಂದೊಂದಾಗಿ ನೋಡಿ, "ಹಲ್ಲು ಬಟ್ಟೇಲಿ. ಹಾಗಾದ್ರೆ ನೀರಲ್ಲಿರೋದು ಏನು ಸಾರ್?" ಎಂದರು.

ಇನ್ಸ್‌ಪೆಕ್ಟರ್ ಮುಚ್ಚಳ ತೆಗೆದರು. ತಳದಲ್ಲಿ ಕಲ್ಲು ಮಲಗಿತ್ತು. ಹಸಿರು, ಅದರೊಳಗೆ ಕೆಂಪು, ಡಬ್ಬಿ ಅಲುಗಿದಂತೆಲ್ಲ ಒಂದು ಇನ್ನೊಂದಾಗುತ್ತಿತ್ತು.

"ಏನೂ ಆಗಿಲ್ವಲ್ಲ ಇದಕ್ಕೆ," ಎಂದರು ದಫೇದಾರರು.

"ಹೊರಗೆ ತೆಗೀಬೇಡಿ," ಎಂದರು ಕಂಪೌಂಡರ್.

ಇನ್ಸ್‌ಪೆಕ್ಟರ್ ತೆಗೆದು, ಒರೆಸಿ, ಅಂಗೈ ಮೇಲೆ ಇಟ್ಟುಕೊಂಡರು. ಒದ್ದೆ ಆರುತ್ತ ಬಂದ ಹಾಗೆ ಕೂದಲೆಳೆಯಂಥ ಬಿರುಕೊಂದು ಎದ್ದು ಕಂಡಿತು. ಅದರ ಪಕ್ಕ ಇನ್ನೊಂದು. ಕೊನೆಗೆ ಕಲ್ಲಿನ ಮುಖವೆಲ್ಲ ಜೇಡನ ಬಲೆಯಾಯಿತು.

"ನೀರು ನಿಲ್ಲಿಸಿದ್ದು ನೀವೇ."

"ಹೌದು. ಒಂದೇ ಕ್ಷಣ ಅಂದ್ಕೊಂಡೆ. ಅವರು ಹೊಗಳ್ತಾ ಇದ್ರು. ಟಿಕ್ ಅಂತ ಸದ್ದು ಬಂತು. ಫೋನ್ ಆಫ್ ಮಾಡಿದೆ."

"ಎಸೆದುಬಿಡಬಹುದಿತ್ತಲ್ಲ?"

"ನೀರಲ್ಲಿಟ್ಟು ನೋಡಿದಾಗೆಲ್ಲ, ಏನೂ ಆಗಿಲ್ಲ ಅನ್ನಿಸ್ತಿತ್ತು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಒಡೆದುಹೋಯ್ತು ಅಂತ ಹೇಳಿದ್ರೆ ಬೀಗತಿ ನಿಮ್ಮನ್ನ ತಿಂದುಬಿಡ್ತಿದ್ರಾ?" ಎಂದರು.

"ಬೈದಿದ್ರೆ ವಾಸಿ ಇತ್ತು," ಎಂದರು ಕಂಪೌಂಡರ್. "ಪರವಾಗಿಲ್ಲ ಬಿಡಿ ಬೀಗರೇ ಅಂತಿದ್ರು. ಅದನ್ನ ಕೇಳಿಸ್ಕೊಳ್ಳೋ ಮುಖ ನಂಗಿರಲಿಲ್ಲ."

"ಮತ್ತೆ ತಾಮ್ರ?"

"ನಾನು ಅವನು ಕದ್ದ ಅನ್ನಲಿಲ್ಲ. ಯಾರು ಬಂದಿದ್ರು ಅಂತ ನೀವು ಕೇಳಿದ್ರಿ. ಏನೂ ಸಿಗದೆ ಬಿಟ್ಟುಬಿಡ್ತೀರಿ ಅಂದ್ಕೊಂಡೆ."

"ಹೊಡೆಯಲ್ಲ ಅಂದ್ಕೊಂಡ್ರಾ?"

ಕಂಪೌಂಡರ್ ನೆಲ ನೋಡಿದರು. "ಒಂದೆರಡು ಏಟು ಬೀಳುತ್ತೆ ಅಂತ ಗೊತ್ತಿತ್ತು."

ಊರಿಗೆಲ್ಲ ಗೊತ್ತಿರುವ ಸಂಗತಿಯಂತೆ ಅದನ್ನು ಹೇಳಿದ್ದರು. ಇನ್ಸ್‌ಪೆಕ್ಟರ್‌ಗೆ ಜೋರಾಗಿ ಗದರಿಸಬೇಕು ಅನ್ನಿಸಿತು. ಯಾವ ಬಾಯಲ್ಲಿ ಎಂದೂ ಅನ್ನಿಸಿತು. ಠಾಣೆಗೆ ಫೋನ್ ಮಾಡಿ ತಾಮ್ರನನ್ನು ಕೂಡಲೇ ಬಿಡುವಂತೆ ಹೇಳಿದರು.

ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆಸಿ, ಕಲ್ಲನ್ನೂ ಡಬ್ಬಿಯನ್ನೂ ವಶಪಡಿಸಿಕೊಂಡು ಪಂಚನಾಮೆ ಬರೆಸಿದರು. ಸುಳ್ಳು ದೂರು ಕೊಟ್ಟದ್ದು, ಇನ್ನೊಬ್ಬರ ಸ್ವತ್ತು ಬಚ್ಚಿಟ್ಟದ್ದು. ಕಂಪೌಂಡರ್ ಅವರನ್ನು ಬಂಧಿಸಿರುವುದಾಗಿ ಹೆಂಡತಿಗೆ ತಿಳಿಸಿ ಸಹಿ ಪಡೆದರು.

"ಕಾರಣ ಏನಂತ ಬರೀಲಿ ಸಾರ್? ದುರಾಸೆ ಅಂತಲಾ?" ದಫೇದಾರರು ಕೇಳಿದರು.

"ನಾಚಿಕೆ ಅಂತ ಬರೀರಿ."

"ಅದಕ್ಕೆ ಕಲಂ ಇಲ್ವಲ್ಲ ಸಾರ್."

"ಗೊತ್ತು. ಬರೀರಿ."

ಹೊರಡುವಾಗ ಕಂಪೌಂಡರ್ ಕರವಸ್ತ್ರದ ಗಂಟನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಜೀಪು ತಿರುವು ದಾಟುತ್ತಿದ್ದಂತೆ, "ವೈಂಡಿಂಗ್ ಅಂಗಡಿ ಮುಂದೆ ಒಂದು ಕ್ಷಣ ನಿಲ್ಲಿಸ್ತೀರಾ?" ಎಂದರು.

ತಾಮ್ರ ಆಗಲೇ ಬಂದು ಕೆಲಸಕ್ಕೆ ಕೂತಿದ್ದ. ಎಡಗೆನ್ನೆ ಊದಿತ್ತು. ಗಿರಾಕಿಗಳು ಇಬ್ಬರೇ ಇದ್ದರು. ಹೆಂಡತಿ ತಂತಿಯ ಸುತ್ತು ಎಣಿಸುತ್ತಿದ್ದಳು. ಕಂಪೌಂಡರ್ ಇಳಿದು ಹೋಗಿ ಏನೋ ಅಂದರು. ತೊದಲಾಗಿ ಬಂತು.

ತಾಮ್ರ ತಲೆ ಎತ್ತಲಿಲ್ಲ. "ಹಲ್ಲು ಹಾಕ್ಕೊಂಡು ಹೇಳಿ ಸಾರ್. ತಿಳೀಲಿಲ್ಲ."

ಗಿರಾಕಿಯೊಬ್ಬ ನಕ್ಕ. ಕಂಪೌಂಡರ್ ಗಂಟು ಬಿಚ್ಚಿ, ಹಲ್ಲಿನ ಸೆಟ್ಟನ್ನು ಅಂಗಿಗೆ ಒರೆಸಿ, ಬಾಯಿಗಿಟ್ಟುಕೊಂಡರು. ನೋವಿಗೆ ಕಣ್ಣಲ್ಲಿ ನೀರು ಬಂತು. "ಕಲ್ಲು ಒಡೆದದ್ದು ನನ್ನ ಕೈಲಿ. ನಿನ್ನ ತಲೆ ಮೇಲೆ ಹಾಕಿದೆ. ತಪ್ಪಾಯ್ತಪ್ಪ," ಎಂದರು. ಅಂಗಡಿಗೆಲ್ಲ ಕೇಳಿಸಿತು. ತಾಮ್ರ ಒಮ್ಮೆ ತಲೆಯಾಡಿಸಿ ತಂತಿಯನ್ನು ಬಿಗಿಯಾಗಿ ಎಳೆದ.

ಅವನ ಹೆಂಡತಿ ಎಣಿಸುವುದನ್ನು ನಿಲ್ಲಿಸಿ ಇನ್ಸ್‌ಪೆಕ್ಟರ್ ಕಡೆ ನೋಡಿದಳು. ಇನ್ಸ್‌ಪೆಕ್ಟರ್ ಜೀಪಿನಿಂದ ಇಳಿದರು. ಎರಡು ಹೆಜ್ಜೆ ಮುಂದೆ ಬಂದರು.

"ನಿನ್ನ ಸಾಮಾನಿನ ಚೀಲ ಠಾಣೇಲಿದೆ. ಸಂಜೆ ಬಂದು ಸಹಿ ಹಾಕಿ ತಗೊಂಡು ಹೋಗು."

"ಆಗಲಿ ಸಾರ್."

ಆಕೆ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಂತಿಗೆ ಕೈ ಹಾಕಿ, ಲೆಕ್ಕ ತಪ್ಪಿದ್ದರಿಂದ ಮತ್ತೆ ಒಂದರಿಂದ ಎಣಿಸತೊಡಗಿದಳು.

ಸಂಜೆ ತಾಮ್ರ ಬಂದ, ಸಹಿ ಹಾಕಿದ, ಚೀಲ ತೆಗೆದುಕೊಂಡು ಹೋದ. ತಪ್ಪಾಯಿತು ಎಂದು ಇನ್ಸ್‌ಪೆಕ್ಟರ್ ಅವನಿಗೆ ಆವತ್ತು ಹೇಳಲಿಲ್ಲ, ಮುಂದೆ ಎಂದೂ ಹೇಳಲಿಲ್ಲ.