ಅಂಬಿಗನ ಹೆಂಡತಿಯ ತಕರಾರು

"ನಾನು ಕಲ್ಲಾಗಲ್ಲ," ಎಂದಳು ಗುಡುಗಮ್ಮ.

ನಾಟಕದ ತಂಡದವರು ಅವಳಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ರಂಗದ ಮೇಲೆ ಅವಳ ದನಿ ಕೊನೆಯ ಸಾಲಿನ ಕುರ್ಚಿಗೂ ಮುಟ್ಟುತ್ತಿತ್ತು. ರಂಗದಿಂದ ಇಳಿದರೆ ಬೀದಿಗೂ ಮುಟ್ಟುತ್ತಿತ್ತು. ಏಣಿ ಹತ್ತಿ ದೀಪ ಕಟ್ಟುತ್ತಿದ್ದ ಅವಳ ಚಿಕ್ಕಪ್ಪ ಅಲ್ಲಿಂದಲೇ ಕೈಮುಗಿದರು. "ತಾಯಿ, ಬಲ್ಬು ಒಡೆದೀತು, ಸ್ವಲ್ಪ ಮೆಲ್ಲಗೆ."

ನಿರ್ದೇಶಕ ನಗಲಿಲ್ಲ. "ಕಥೇನೇ ಅದಲ್ವಾ? ಅಂಬಿಗ ದೋಣಿ ಬಿಟ್ಟು ದೂರ ದೇಶಕ್ಕೆ ಹೋಗ್ತಾನೆ. ಹೆಂಡತಿ ದಡದಲ್ಲಿ ಕಾಯ್ತಾಳೆ. ಅವನು ಬರೋ ಹೊತ್ತಿಗೆ ಕಲ್ಲಾಗಿರ್ತಾಳೆ. ಮಕ್ಕಳಿಗೂ ಬಾಯಿಪಾಠ: ಅಂಬಿಗನ ಹೆಂಡತಿ ಕಾದಳು, ಕಾದಳು, ಕಲ್ಲಾದಳು."

"ಯಾರಿಗೆ ಕಾದಳು ಅಂತ ಅದರಲ್ಲಿ ಎಲ್ಲಿದೆ?"

"ಗಂಡನಿಗೆ. ಇನ್ಯಾರಿಗೆ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇದೇ ಹಾಲ್‌ನಲ್ಲಿ ಅವಳ ಕೈ ಹಿಡಿದು, "ನಾಟಕ ಕಲಿತು ಬೇಗ ಬರ್ತೀನಿ, ಬಂದಮೇಲೆ ಮದುವೆ" ಎಂದು ಹೊರಟವನು ಇವನೇ. ಫೋನ್ ಮೊದಲು ದಿನಾ ಬರುತ್ತಿತ್ತು, ಆಮೇಲೆ ಹುಟ್ಟುಹಬ್ಬಕ್ಕೆ, ಆಮೇಲೆ ಅದೂ ಇಲ್ಲ. ವರ್ಷಗಳು ಕಳೆದ ಮೇಲೆ ಗಡ್ಡ ಬಿಟ್ಟುಕೊಂಡು, ಹೆಸರು ಮಾಡಿಕೊಂಡು ಬಂದಿದ್ದಾನೆ. ಬಂದವನೇ ಅವಳಿಗೆ ಕೊಟ್ಟದ್ದು ಕಾಯುವವಳ ಪಾತ್ರ!

"ಹೊಲ ಕಾಯ್ತೀವಿ, ಮನೆ ಕಾಯ್ತೀವಿ. ಅದೂ ಕಾಯೋದೇ ಅಲ್ವಾ? ಅಂಬಿಗ ಬಿಟ್ಟುಹೋದ ದೋಣೀನ ಯಾರು ನಡೆಸಿದ್ರು? ಊರವರೆಲ್ಲ ಈಜ್ಕೊಂಡು ದಾಟಿದ್ರಾ? ಅವಳು ಹೊಳೆ ದಾಟಿಸೋ ಕಡವು ಕಾದಳು ಕಣೋ! ಹುಟ್ಟು ಹಾಕಿ ಹಾಕಿ ಕೈ ಕಲ್ಲಾಯ್ತು. ಇವನು ಬಂದು ಆ ಕೈ ಮುಟ್ಟಿ, ಅಯ್ಯೋ, ನನಗೋಸ್ಕರ ಕಲ್ಲಾದಳು ಅಂತ ಊರೆಲ್ಲ ಹೇಳ್ಕೊಂಡು ಬಂದ. ಗಂಡಸರ ಜಂಬಕ್ಕೊಂದು ಮಿತಿ ಬೇಡ್ವಾ?"

ಏಣಿಯ ಮೇಲಿಂದ ಶಿಳ್ಳೆ ಬಂತು. ಚಿಕ್ಕಪ್ಪನಿಗೆ ಎಲ್ಲ ಗೊತ್ತಿತ್ತು. ಮಾಲೀಕ ಈ ಹಾಲನ್ನು ಗೋಡೌನ್ ಮಾಡಲು ಬೀಗ ಹಿಡಿದು ಬಂದಾಗ ಬಾಗಿಲಿಗೆ ಅಡ್ಡ ನಿಂತವಳು ಅವಳು. ಸೋರುವ ತಗಡು ಬದಲಾಯಿಸಿದವಳು, ಪರದೆ ಹೊಲಿದವಳು, ನಟರು ಕೈಕೊಟ್ಟಾಗ ಎರಡೆರಡು ವೇಷ ಹಾಕಿದವಳೂ ಅವಳೇ.

ನಿರ್ದೇಶಕನ ಕಣ್ಣು ಅವಳ ಅಂಗೈಗೆ ಬಿತ್ತು. ಪರದೆಯ ಹಗ್ಗ ಎಳೆದೂ ಎಳೆದೂ ಅದು ದಡ್ಡುಗಟ್ಟಿತ್ತು. ಅವನ ಕಿವಿ ಕೆಂಪಾಯಿತು. ಹಾಳಾದವನು, ನಾಚಿಕೊಂಡರೆ ಈಗಲೂ ಎಷ್ಟು ಚೆಂದ ಕಾಣುತ್ತಾನೆ! ಅದಕ್ಕೆ ಅವಳ ಸಿಟ್ಟು ಇನ್ನಷ್ಟು ಏರಿತು.

"ನೀನು ನನಗೆ ಕಾಯ್ಲೇ ಇಲ್ವಾ?" ಮೆಲ್ಲಗೆ ಕೇಳಿದ.

"ಕಾದೆ! ಪೆದ್ದಿ ಹಾಗೆ ಕಾದೆ. ಬಸ್ಸಿನ ಸದ್ದಾದ್ರೆ ಸಾಕು, ಕಿಟಕಿಗೆ ಓಡ್ತಿದ್ದೆ. ಅದಕ್ಕೇ ಇಷ್ಟು ಸಿಟ್ಟು."

"ಮಾಡಿದ ನಾಟಕ ಎಲ್ಲ ಬಿದ್ದುಹೋಗ್ತಿತ್ತು. ಸೋತ ಮುಖ ಹೊತ್ಕೊಂಡು ಹೇಗೆ ಬರಲಿ? ಗೆದ್ದಮೇಲೆ ಬರೋಣ ಅಂತ..."

"ನಾನು ಪ್ರೀತಿಸಿದ್ದು ಸೋತವನನ್ನೇ ಕಣೋ, ದಡ್ಡ! ಗೆದ್ದವನ ಪರಿಚಯವೇ ನನಗಿಲ್ಲ."

ಅವನು ಕೈಯಲ್ಲಿದ್ದ ನಾಟಕದ ಪ್ರತಿಯನ್ನು ಮಡಚಿದ. "ಹಾಗಾದ್ರೆ ಕೊನೇ ದೃಶ್ಯ ಏನು?"

"ಅಂಬಿಗ ಬರ್ತಾನೆ. ಅವಳು ದೋಣೀಲಿರ್ತಾಳೆ. ದಾಟಬೇಕಾದ್ರೆ ಹತ್ತು, ಹುಟ್ಟು ಮಾತ್ರ ನನ್ನ ಕೈಲೇ ಇರುತ್ತೆ, ಅಂತಾಳೆ."

"ಅವನು ಹತ್ತಬಹುದಾ?"

ಈ ಪ್ರಶ್ನೆ ನಾಟಕದ್ದಲ್ಲ ಎಂದು ಇಬ್ಬರಿಗೂ ತಿಳಿದಿತ್ತು. ಇಲ್ಲ ಎಂದರೆ ಅವನು ಹೊರಟುಹೋಗುತ್ತಾನೆ. ಈ ಸಲ ಹೋದರೆ ಮತ್ತೆ ಬರುವುದಿಲ್ಲ. ಅವಳು ರಂಗದ ಮಧ್ಯೆ ದೋಣಿಯೆಂದು ಇಟ್ಟಿದ್ದ ಉದ್ದ ಬೆಂಚಿನ ಮೇಲೆ ಧೊಪ್ಪನೆ ಕುಳಿತಳು.

"ಕ್ಷಮಿಸಿದ್ಯಾ ಅಂತ ಕೇಳ್ಬೇಡ, ಕ್ಷಮಿಸಿಲ್ಲ. ಈ ಸಿಟ್ಟು ಯಾವಾಗ ಇಳಿಯುತ್ತೋ ನನಗೇ ಗೊತ್ತಿಲ್ಲ. ದಿನಾ ಬೈತೀನಿ. ಆದ್ರೆ ಹೋಗ್ಬೇಡ," ಎಂದಳು, ಜಗಳವಾಡುವ ದನಿಯಲ್ಲೇ.

ಅವನು ರಂಗ ಹತ್ತಿ ಬಂದು ಬೆಂಚಿನ ತುದಿಯಲ್ಲಿ, ಬೀಳುವ ಹಾಗೆ ಕುಳಿತ. ಅವಳು ಮುಖ ಊದಿಸಿಕೊಂಡೇ ಆ ಕಡೆ ಸರಿದು ಜಾಗ ಬಿಟ್ಟಳು.