ಹತ್ತು ವಾಕ್ಯ, ಒಂದೇ ಹೆಸರು

"ನನ್ನ ಮೇಲೆ ಇಷ್ಟೊಂದು ದ್ವೇಷ ಇದ್ರೆ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ, ಶರಣ್ಯ!"

ಶಂಕರಪುರಂನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಮೆಟ್ಟಿಲ ಮೇಲೆ ವಸಂತ್ ಅವಳ ನೋಟ್‌ಬುಕ್ ಚಾಚಿ ನಿಂತಿದ್ದ. ಕಣ್ಣು ಕೆಂಪಾಗಿತ್ತು.

ಶರಣ್ಯಳ ಎದೆ ಧಸಕ್ಕೆಂದಿತು. ಶನಿವಾರ ಅವನು ಕ್ಲಾಸಿಗೆ ಬಂದಿರಲಿಲ್ಲ. ಪಾಠ ಬರೆದುಕೊಳ್ಳಲಿ ಎಂದು ಸೋಮವಾರ ಇವಳೇ ನೋಟ್‌ಬುಕ್ ಕೊಟ್ಟಿದ್ದಳು. ಒಳಗೇನಿದೆ ಎಂಬುದನ್ನೇ ಮರೆತಿದ್ದಳಲ್ಲ, ಪೆದ್ದಿ!

"ಐ ಹೇಟ್ ವಸಂತ್. ಐ ಡಿಟೆಸ್ಟ್ ಹಿಸ್ ಸ್ಮೈಲ್. ಐ ಲೋಥ್ ಹಿಸ್ ಫೇಸ್..." ಅವನು ಪುಟ ತೆರೆದು ಓದಿದ. "ಲೋಥ್ ಅಂದ್ರೇನು ಅಂತ ಡಿಕ್ಷನರಿ ನೋಡ್ದೆ. ಅಸಹ್ಯ ಅಂತೆ! ಹತ್ತು ವಾಕ್ಯ, ಹತ್ತರಲ್ಲೂ ನಾನೇ!"

"ಅಯ್ಯೋ, ಅದು ಶನಿವಾರದ ಹೋಮ್‌ವರ್ಕ್ ರೀ! ದ್ವೇಷದ ಪದ ಹಾಕಿ ಹತ್ತು ವಾಕ್ಯ ಬರೀಬೇಕಿತ್ತು!"

"ಹೋಮ್‌ವರ್ಕೇ ಇರ್ಲಿ. ಕ್ಲಾಸಲ್ಲಿ ಮೂವತ್ತು ಜನ ಇದ್ದಾರೆ. ನನ್ನ ಹೆಸರೇ ಯಾಕೆ ಬೇಕಿತ್ತು?"

ಶರಣ್ಯ ತುಟಿ ಕಚ್ಚಿದಳು. ಉತ್ತರವೇನೋ ಇತ್ತು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಇವನೇ ಹೋಗುತ್ತಾನೆ... ಅತ್ತ ದರಿ, ಇತ್ತ ಪುಲಿ!

"ನಾಳೆಯಿಂದ ನಾನು ಬರಲ್ಲ. ನೆಮ್ಮದಿಯಾಗಿರಿ."

ನೋಟ್‌ಬುಕ್ ಅವಳ ಕೈಗಿಟ್ಟು, ಮೆಟ್ಟಿಲಿಳಿದು ಬೈಕ್ ಸ್ಟಾರ್ಟ್ ಮಾಡಿದ. ಆರು ತಿಂಗಳು ಪಕ್ಕದ ಬೆಂಚಿನಲ್ಲಿ ಕೂತು, ಅವಳ ತಪ್ಪು ಇಂಗ್ಲಿಷಿಗೆ ಒಂದು ದಿನವೂ ನಗದವನು ಅವನೊಬ್ಬನೇ.

'ಇವನು ಹೋಗಿಬಿಟ್ಟರೆ?' ನಾಚಿಕೆ ಹಾಳಾಗಿ ಹೋಗಲಿ!

ಓಡಿ ಬಂದು ಹ್ಯಾಂಡಲ್ ಹಿಡಿದಳು. "ಪಂಚಾಕ್ಷರಯ್ಯ ಮೇಷ್ಟ್ರು ಏನಂದ್ರು ಗೊತ್ತಾ? ಇವೆಲ್ಲ ಒರಟು ಪದಗಳು, ಆಗದವರ ಹೆಸರು ಬರೆದ್ರೆ ನಿಜವಾಗ್ಲೂ ಜಗಳ ಆಗುತ್ತೆ, ಅದಕ್ಕೇ..."

"ಅದಕ್ಕೇ?"

"ನಿಮಗೆ ತುಂಬಾ ಇಷ್ಟ ಇರೋರ ಹೆಸರು ಹಾಕಿ ಬರೀರಿ ಅಂದ್ರು!" ಒಂದೇ ಉಸಿರಿಗೆ ಹೇಳಿ ಕಣ್ಣು ಮುಚ್ಚಿಕೊಂಡಳು. "ನಮ್ಮ ಮುಂದಿನ ಬೆಂಚಿನ ಪಾರ್ವತಮ್ಮನವ್ರು ಮೊಮ್ಮಗಳ ಹೆಸರು ಬರೆದ್ರು. ನಾನು... ನಿಮ್ಮದು ಬರೆದೆ. ನೀವಂದ್ರೆ ನಂಗೆ ಪ್ರಾಣ ರೀ!"

ಬೈಕಿನ ಸದ್ದು ನಿಂತಿತು.

ಮೆಲ್ಲಗೆ ಒಂದು ಕಣ್ಣು ತೆರೆದಳು. ವಸಂತ್ ಎದೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದ. ಕಣ್ಣಲ್ಲಿ ನೀರೂ ಇತ್ತು.

"ಸದ್ಯ! ಎರಡು ದಿನದಿಂದ ಅನ್ನ ಸೇರಿಲ್ಲ ಕಣ್ರೀ ನಂಗೆ!"

"ಸಾರಿ..."

"ಶನಿವಾರ ನಾನು ಬಂದಿದ್ರೆ ಯಾರ ಹೆಸರು ಬರೀತಿದ್ದೆ, ಹೇಳಿ?"

"ಯಾರದ್ದು?"

"ನಿಮ್ಮದೇ. ಹತ್ತರಲ್ಲೂ."

ಅಬ್ಬಾ! ಶರಣ್ಯಳಿಗೆ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ... ನಾಳೆ ಬರ್ತೀರಲ್ಲ?"

"ನಿಮ್ಮ ಕೈಲಿ ಬೈಸ್ಕೊಳ್ಳೋಕಾದ್ರೂ ಬರ್ತೀನಿ!"