ಏನವ್ವ ಕೇಳಿದ ಲೆಕ್ಕ

“ಮೂರೂವರಿ,” ಎಂದಳು ಹುಲಿಗೆಮ್ಮ.

“ಮೂರೂವರಿ ಏನು?” ಎಂದಿತು ಗಡಿಗೆ.

“ಮೂರೂವರಿ ರೊಟ್ಟಿ. ನಾವು ಏಳು ಮಂದಿ, ಒಬ್ಬೊಬ್ಬರಿಗೆ ಅರ್ಧ ರೊಟ್ಟಿ.”

“ಈಗ ಹೌದು ನೋಡು, ನನ್ನ ಬಂಗಾರ,” ಎಂದು ಗಡಿಗೆ ನಕ್ಕಿತು. ನಕ್ಕದ್ದು ಥೇಟ್ ಹುಲಿಗೆಮ್ಮನ ಅಜ್ಜಿಯ ಹಾಗೆ, ನಡುವೆ ಒಂದು ಕೆಮ್ಮನ್ನೂ ಸೇರಿಸಿ.

ಕಿಟಕಿಯ ಬಳಿ ನಿಂತಿದ್ದ ರುದ್ರಮುನಿ ಮಾಸ್ತರರಿಗೆ ಆ ಕೆಮ್ಮು ನೆತ್ತಿಗೇರಿದಂತಾಯಿತು. ಒಂದು ಕಾಲಕ್ಕೆ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಸಾರಿ ಇಡೀ ಕಾಲೇಜನ್ನು ಮನೆಗೆ ಕಳಿಸಿದ ಮನುಷ್ಯ ಅವರು. ದನಿ ಕದಿಯುವುದರಲ್ಲಿ ತಮಗೊಬ್ಬ ಪ್ರತಿಸ್ಪರ್ಧಿ ಹುಟ್ಟುವನೆಂದು ಎಣಿಸಿರಲಿಲ್ಲ. ಹುಟ್ಟಿದ್ದು ಗಡಿಗೆಯ ರೂಪದಲ್ಲಿ!

ಇದು ಇಂದಿನಿಂದ ನಲವತ್ತೈದು ವರ್ಷ ಮುಂದಿನ ಮಾತು. ಕೃಷ್ಣಾ ನದಿಯ ನಡುಗಡ್ಡೆ ಹೊನ್ನಗಡ್ಡಿಯ ಶಾಲೆಗೆ ಆ ಗಡಿಗೆಯನ್ನು ಹೊತ್ತು ತಂದವಳು ವಿಜ್ಞಾನಿ ನಸ್ರೀನ್ ಮುಲ್ಲಾ. ಅವಳು ಇಟ್ಟ ಹೆಸರು ‘ಅರ್ಥಗಣಕ’. ಕೋಣೆಯಲ್ಲಿ ಇರುವುದನ್ನು ಕಂಡು, ಆಡುವುದನ್ನು ಕೇಳಿ, ಅದರಿಂದಲೇ ಲೆಕ್ಕ ಹೊಸೆಯುವ, ಗಡಿಗೆಯಾಕಾರದ ಯಂತ್ರ. ಮಕ್ಕಳ ಮನೆಯವರ ದನಿ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಆ ದನಿಯಲ್ಲೇ ಮಾತಾಡುತ್ತದೆ. ಆದರೆ ಬರೀ ಅಂಕಿಯನ್ನು ಒಪ್ಪುವುದಿಲ್ಲ. ಉತ್ತರದ ಬೆನ್ನಿಗೇ “ಏನು?” ಎಂದು ಕೇಳುತ್ತದೆ. ಮಕ್ಕಳು ಅದಕ್ಕೆ ‘ಏನವ್ವ’ ಎಂದೇ ಹೆಸರಿಟ್ಟಿದ್ದರು. ಮಗ್ಗಿಯ ಸದ್ದಿಗೇ ಹರಿಗೋಲಿನಡಿ ಅಡಗುತ್ತಿದ್ದ ಹುಲಿಗೆಮ್ಮ ಈಗ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಿದ್ದಳು.

ಮಾಸ್ತರರಿಗೆ ಮಾತ್ರ ನಸ್ರೀನಳ ಮೇಲೆ ಗುಮಾನಿ, ತಪಾಸಣೆಗೆ ಬಂದವಳೇನೋ ಎಂದು. ಬಂದ ದಿನವೇ ಆಕೆ “ಮಕ್ಕಳು ಎಷ್ಟು ಮಂದಿ ಅದಾರ್ರೀ ಸರ?” ಎಂದು ಕೇಳಿದ್ದಳು. ಲೆಕ್ಕ ಕಲಿಸಲು ಬಂದವಳಿಗೆ ತಲೆ ಲೆಕ್ಕ ಯಾಕೆ?

“ಹತ್ತು,” ಎಂದಿದ್ದರು ಅವರು. “ಮೂರು ಮಂದಿಗೆ ಜ್ವರ.”

ಆ ಜ್ವರ ಇಳಿಯುವಂಥದಲ್ಲ. ಪರಸ, ಲಕುಮಿ, ಬಾಷಾ ಹಿಂದಿನ ಪ್ರವಾಹಕ್ಕೆ ಹೆದರಿ ಅಪ್ಪ ಅಮ್ಮನ ಜೊತೆ ದೂರದೂರಿಗೆ ಗುಳೆ ಹೋಗಿದ್ದರು. ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ ಶಾಲೆ ಮುಚ್ಚಬೇಕೆಂಬುದು ನಿಯಮ. ಮಕ್ಕಳ ಮುಖವನ್ನು ಸರಕಾರಿ ಯಂತ್ರಕ್ಕೆ ತೋರಿಸಬಾರದೆಂಬ ಕಾಯಿದೆ ಬಂದ ಮೇಲೆ ಹಾಜರಿಯೆಲ್ಲ ದನಿಯಲ್ಲೇ. ಬೆಳಿಗ್ಗೆ ಜಿಲ್ಲೆಯ ಹಾಜರಿ ಕೇಂದ್ರದವರು ಹೆಸರು ಕೂಗುತ್ತಾರೆ, ಮಕ್ಕಳು “ಹಾಜರ್” ಎನ್ನುತ್ತಾರೆ. ಇಲ್ಲದ ಮೂವರ ಪಾಲಿನ ಹಾಜರ್ ಮಾಸ್ತರರ ಗಂಟಲಿನಿಂದ ಬರುತ್ತಿತ್ತು. ಬಾಷಾನ ತೊದಲು, ಲಕುಮಿಯ ಮೂಗುದನಿ, ಒಂದೂ ಬಿಡದೆ. ಮಕ್ಕಳದು ಒಂದು ಥರದ ಕಂಠಪಾಠವಾದರೆ ಮಾಸ್ತರರದು ಇನ್ನೊಂದು ಥರ.

ಏನವ್ವ ಬಂದಂದಿನಿಂದ ಹಾಜರಿಯ ಹೊತ್ತಿಗೆ ಅದನ್ನು ಅಂಗಳಕ್ಕೆ ಅಟ್ಟುವುದು ಅವರ ಉಪಾಯ. “ಬಿಸಿಲಿಗಿಡ್ರಿ ಮೇಡಂ, ಚಾರ್ಜ್ ಆಗ್ಲಿ.” ನಸ್ರೀನಳೂ ಹೊತ್ತುಕೊಂಡು ಹೋಗುತ್ತಿದ್ದಳು. ಪ್ರಶ್ನಿಸದೆ ಒಪ್ಪುವುದು ಕಂಡು ಅವರ ಗುಮಾನಿ ಇನ್ನೂ ಹೆಚ್ಚಿತ್ತು.

ಇವತ್ತು ಮೋಡ. ಮೂಲೆಯಲ್ಲೇ ಕೂತ ಏನವ್ವನ ಮೇಲೆ ಮಾಸ್ತರರು ತಮ್ಮ ಕೌದಿ ಹೊದಿಸಿದರು.

“ಯಾಕ್ರೀ ಸರ?” ಎಂದಳು ನಸ್ರೀನ್.

“ಥಂಡಿ ಹತ್ತೀತು ಪಾಪ. ಆಗಲೇ ಕೆಮ್ಮಾಕ ಹತ್ತೈತಿ.”

ಅಷ್ಟರಲ್ಲಿ ಗೋಡೆಯ ಪೆಟ್ಟಿಗೆಯಿಂದ ಕೇಂದ್ರದ ಸಾಹೇಬರ ದನಿ ಬಂತು. ಹೆಸರು ಕೂಗಿದರು. ಏಳು ಮಕ್ಕಳು ಓಗೊಟ್ಟರು. ಮಾಸ್ತರರು ಎಲ್ಲರಿಗೂ ಬೆನ್ನು ಹಾಕಿ, ಕರಿಹಲಗೆ ಒರೆಸುವ ನೆಪದಲ್ಲಿ ಪರಸನಾದರು, ಲಕುಮಿಯಾದರು, ಬಾಷಾ ಆದರು. ಮಕ್ಕಳು ದಿನದಂತೆ ನಗು ನುಂಗಿಕೊಂಡರು.

ಕೌದಿಯೊಳಗಿಂದ ಅಜ್ಜಿಯ ದನಿ ಎದ್ದಿತು. “ಹತ್ತು ಹೆಸರು ಹಾಜರ್ ಅಂದವು. ಹಾಜರ್ ಅಂದ ಗಂಟಲು ಎಷ್ಟು?”

ದನಿ ಬದಲಿಸಬಹುದು, ಗಂಟಲು ಬದಲಿಸಲಾಗದು. ಒಬ್ಬೊಬ್ಬರ ಗಂಟಲಿನ ಆಕಾರ ಅವರಾಡುವ ಸದ್ದಿನ ಮೇಲೆ ಹೆಬ್ಬೆಟ್ಟಿನಂತೆ ಒತ್ತಿರುತ್ತದೆ. ಕೇಂದ್ರದ ಅಗ್ಗದ ಯಂತ್ರಕ್ಕೆ ಅದು ತಿಳಿಯುತ್ತಿರಲಿಲ್ಲ, ಏನವ್ವನಿಗೆ ತಿಳಿಯುತ್ತಿತ್ತು. ನಸ್ರೀನಳ ಮುಖ ಬಿಳಚಿಕೊಂಡಿತು. ಮಾಸ್ತರರು ಅದನ್ನೂ ನಾಟಕವೆಂದೇ ಎಣಿಸಿದರು.

ಹುಲಿಗೆಮ್ಮ ಮಾಸ್ತರರನ್ನು ನೋಡಿದಳು. ಅವಳಿಗೆ ಸುಳ್ಳು ಹೇಳಲು ಬರುತ್ತಿತ್ತು. ತಪ್ಪು ಲೆಕ್ಕ ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

“ಎಂಟು,” ಎಂದಳು ಮೆಲ್ಲಗೆ.

“ಎಂಟು ಏನು?”

“ಎಂಟು ಗಂಟಲ. ಏಳು ನಮ್ಮವು, ಒಂದು ಮಾಸ್ತರ್ದು.”

“ಯಾರದು? ಏನು ನಡೀತಿದೆ ಅಲ್ಲಿ?” ಎಂದರು ಸಾಹೇಬರು.

ಮಾಸ್ತರರು ತಡಮಾಡದೆ ಲೈನು ಕೆಟ್ಟಂತೆ ಬಾಯಲ್ಲೇ ಕರಕರ ಸದ್ದು ಹೊರಡಿಸಿದರು.

“ಅದೂ ಅದೇ ಗಂಟಲು,” ಎಂದಿತು ಕೌದಿ.

ಮಕ್ಕಳ ನಗು ಕಟ್ಟೆಯೊಡೆಯಿತು. ಮಾಸ್ತರರು ನಸ್ರೀನಳತ್ತ ತಿರುಗಿದರು. “ಸಮಾಧಾನ ಆತೇನ್ರೀ? ಬಂದ ಕೆಲಸ ಮುಗೀತಲ್ಲ?”

“ಅಲ್ಲಾನ ಆಣಿ ಸರ, ನನಗ ಗೊತ್ತಿರಲಿಲ್ಲ. ಅದು ಇದ್ದದ್ದರ ಲೆಕ್ಕ ಕೇಳತೈತಿ, ಅಷ್ಟ. ಇಲ್ಲದ್ದು ಇಲ್ಲಿ ಇರತೈತಿ ಅಂತ ನಾನು ಯೋಚನಿ ಮಾಡಿರಲಿಲ್ಲ.”

ಬೇರೆ ದಾರಿ ಕಾಣದೆ ಮಾಸ್ತರರು ಪೆಟ್ಟಿಗೆಯ ಮುಂದೆ ನಿಂತರು. “ಹೌದ್ರೀ ಸಾಹೇಬ್ರ. ಮೂರೂ ನಾನ. ನನಗೇನು ಮಾಡ್ತೀರೋ ಮಾಡ್ರಿ, ಶಾಲಿ ಮುಚ್ಚಬ್ಯಾಡ್ರಿ.” ಬಹಳ ದಿನಗಳ ಮೇಲೆ ಅದು ಅವರದೇ ದನಿಯಾಗಿತ್ತು. ಅವರಿಗೇ ಅದು ಯಾರದೋ ಅನ್ನಿಸಿತು.

“ನಾನೇನು ಮಾಡ್ಲಿ ಮೇಷ್ಟ್ರೇ? ಹತ್ತು ಬೇಕು, ಇರೋದು ಏಳು. ಮಕ್ಕಳು ದಂಡೆಯ ಶಾಲೆಗೆ ಹೋಗ್ಲಿ. ಏಳು ಕಡಿಮೆ, ಮುಗೀತು.”

“ಏಳು ಏನು?” ಎಂದಿತು ಏನವ್ವ.

“ಏಳು... ಸಂಖ್ಯೆ!”

“ಸಂಖ್ಯಿ ಆತು. ಏಳು ಏನು?”

ನಸ್ರೀನಳ ಕೈ ಗಡಿಗೆಯ ಬಾಯಿ ಮುಚ್ಚಿಸುವ ಗುಂಡಿಯತ್ತ ಹೋಯಿತು. ಒಂದು ಗಳಿಗೆ ಅಲ್ಲೇ ನಿಂತು, ಸಾಹೇಬರನ್ನೂ ಅದು ಕೇಳಲಿ ಎಂಬಂತೆ ಹಿಂದೆ ಬಂತು. ಅದನ್ನು ಕಂಡಾಗಲೇ ಮಾಸ್ತರರ ಗುಮಾನಿ ತುಸು ಸಡಿಲವಾದದ್ದು.

ಹುಲಿಗೆಮ್ಮ ಪೆಟ್ಟಿಗೆಯ ಹತ್ತಿರ ಹೋದಳು. “ಏಳು ನಾವ್ರೀ ಸರ. ನಾನೊಂದು ಲೆಕ್ಕ ಕೇಳ್ಲೇನ್ರಿ? ಹರಿಗೋಲಿನ್ಯಾಗ ನಾಕು ಹುಡುಗರು ಕುಂದರ್ತಾರ. ನಾವೆಲ್ಲ ದಂಡಿ ಮುಟ್ಟಾಕ ಅದು ಎಷ್ಟು ಸಲ ನಮ್ಮನ್ನ ಒಯ್ಯಬೇಕು?”

“ಎರಡು,” ಎಂದರು ಸಾಹೇಬರು, ತಮಗರಿವಿಲ್ಲದೆ.

“ಎರಡು ಏನು?” ಎಂದಿತು ಏನವ್ವ.

“ಎರಡು ಸಲ, ಮಾರಾಯ್ತಿ!”

“ಡ್ಯಾಮಿಂದ ನೀರು ಬಿಟ್ಟಾಗ ಹರಿಗೋಲು ಇಳಿಯಂಗಿಲ್ರಿ,” ಎಂದಳು ಹುಲಿಗೆಮ್ಮ. “ಮಳಿಗಾಲ ಪೂರಾ ನೀರು ಬಿಡ್ತಾರ. ಆವಾಗ ದಂಡಿ ಶಾಲ್ಯಾಗ ನಾವು ಎಷ್ಟು ಮಂದಿ ಇರ್ತೀವಿ?”

“ಸೊನ್ನೆ.”

“ಸೊನ್ನಿ ಏನು?”

ಪೆಟ್ಟಿಗೆಯೊಳಗಿಂದ ಸಾಹೇಬರು “ಸೊನ್ನೆ... ಸೊನ್ನೆ...” ಎಂದು ತಮಗೆ ತಾವೇ ಗೊಣಗಿದ್ದು ಮಾಸ್ತರರ ಕಿವಿಗೆ ಬಿತ್ತು. ಎಷ್ಟೋ ದನಿ ಕದ್ದ ಅವರಿಗೆ ಆ ದನಿಯನ್ನು ಅನುಕರಿಸುವುದು ತಮ್ಮಿಂದಾಗದು ಅನ್ನಿಸಿತು.

“ಸೊನ್ನೆ ಮಕ್ಕಳು,” ಎಂದರು ಸಾಹೇಬರು ಕೊನೆಗೆ. “ಮೇಷ್ಟ್ರೇ, ಆದೇಶ ಇವತ್ತು ಹೊರಡಲ್ಲ. ನಾನೇ ಬಂದು ನೋಡ್ತೀನಿ.”

“ನೀರು ಬಿಡೂದ್ರೊಳಗ ಬರ್ರಿ ಸರ,” ಎಂದಳು ಹುಲಿಗೆಮ್ಮ.

ಸಾಹೇಬರು ಬಂದು ಉಳಿಸುವರೋ, ಬಂದು ಮುಚ್ಚುವರೋ? ಮಾಸ್ತರರಿಗೆ ಅದೂ ಗುಮಾನಿಯೇ. ಆದರೂ ಅವರು ಏನವ್ವನ ಮೇಲಿನ ಕೌದಿ ತೆಗೆದು, ಝಾಡಿಸಿ, ಮಡಿಸಿಟ್ಟರು.

ಇಂದಿಗೆ ಹುಲಿಗೆಮ್ಮ ಇನ್ನೂ ಹುಟ್ಟಿಲ್ಲ. ಏನವ್ವನೂ ಹುಟ್ಟಿಲ್ಲ. ಆದರೆ ಏನವ್ವನಿಗೆ ದನಿ ಕೊಡಬೇಕಾದ ಆ ಅಜ್ಜಿ ಹುಟ್ಟಿದ್ದಾಳೆ. ಈ ಹೊತ್ತು ಯಾವುದೋ ಶಾಲೆಯ ನೆಲದ ಮೇಲೆ ಎರಡು ಜಡೆ ಹಾಕಿಕೊಂಡು ಕೂತು, ಏಳೊಂದ್ಲ ಏಳು ಎಂದು ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದಾಳೆ. ಏಳು ಏನು ಎಂದು ಅವಳನ್ನು ಇನ್ನೂ ಯಾರೂ ಕೇಳಿಲ್ಲ.